ಮೀನು ಕಾಯುತ್ತಿದ್ದ ಸಿಡಿ

ನನ್ನ ತಂಗಿ ಸುಮಿತಾಳ ಮನೆಯಲ್ಲಿ ಮನುಷ್ಯರಿಗಿಂತ ಸಾಮಾನುಗಳಿಗೇ ಬಟ್ಟೆ ಹೆಚ್ಚು. ಟಿವಿಗೆ ಹೂವಿನ ಅಂಗಿ, ಮಿಕ್ಸಿಗೆ ಫ್ರಿಲ್ ಇಟ್ಟ ಲಂಗ, ಟೇಬಲ್ ಫ್ಯಾನಿಗೆ ಗುಂಡಿ ಹಾಕಿದ ಟೊಪ್ಪಿಗೆ. ಅವಳು ಸೊಸೆಯಾಗಿ ಹೋದದ್ದು ಕಾರವಾರದಾಚೆಯ ಮಾಜಾಳಿಗೆ. ಮನೆಯ ಹಿತ್ತಿಲ ಬೇಲಿ ದಾಟಿದರೆ ಸಮುದ್ರ. ಆ ಉಪ್ಪುಗಾಳಿಗೆ ಕಿಟಕಿಯ ಸರಳು, ಸೈಕಲ್ ಚೈನು, ಬಾಗಿಲ ಬೀಗ ಯಾವುದೂ ಹೆಚ್ಚು ದಿನ ಉಳಿಯುವುದಿಲ್ಲ. ಆದ್ದರಿಂದ ಅಲ್ಲಿಯವರು ಎಲ್ಲವನ್ನೂ ಮುಚ್ಚಿಡುತ್ತಾರೆ. ಉಳಿದವರು ಹಳೇ ಸೀರೆ ಹೊದಿಸಿ ಸುಮ್ಮನಾದರೆ, ಹೊಲಿಗೆ ಕಲಿತ ನನ್ನ ತಂಗಿ ಅಳತೆ ತೆಗೆದು ಅಂಗಿಯನ್ನೇ ಹೊಲಿಯುತ್ತಾಳೆ. ಹೋದಾಗೆಲ್ಲ ನಾನು ಕೆಣಕುತ್ತಿದ್ದೆ: “ಎಲ್ಲದ್ಕೂ ಹೊಲ್ದೆ. ಗಿರಿಧರಂಗೆ ಎಂತ ಹೊಲ್ದೆ ಮಾರಾಯ್ತಿ?”

ಗಿರಿಧರ ಅವಳ ಗಂಡ. ಮಾಜಾಳಿಯ ಅರ್ಧ ಜನರಂತೆ ಬೆಳಿಗ್ಗೆ ಬಸ್ಸು ಹತ್ತಿ ಗಡಿ ದಾಟಿ ಗೋವೆಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವವನು. ನಾನು ಕಾರವಾರ–ಅಂಕೋಲಾ ಬಸ್ಸಿನ ಕಂಡಕ್ಟರ್. ದಿನವಿಡೀ ಕೂಗುವುದೇ ನನ್ನ ಕೆಲಸ, ಹಾಗಾಗಿ ತಾಳ್ಮೆ ನನ್ನ ಹತ್ತಿರ ಸ್ವಲ್ಪ ಕಡಿಮೆ. ನಮ್ಮಿಬ್ಬರ ಪಾಲಿನ ತಾಳ್ಮೆಯನ್ನೂ ದೇವರು ಅವಳೊಬ್ಬಳಿಗೇ ಕೊಟ್ಟಿದ್ದಾನೆ.

ಇದಕ್ಕೆ ಒಂದು ಸಾಕ್ಷಿ ಹೇಳಬೇಕು. ಹಟ್ಟಿಕೇರಿಯ ನಮ್ಮ ಮನೆಯಲ್ಲಿ ಒಮ್ಮೆ ತಾಮ್ರದ ಕೊಡ ಬಾವಿಗೆ ಬಿತ್ತು. ಅಪ್ಪ ಪಾತಾಳಗರಡಿ ಇಳಿಬಿಟ್ಟು ಆ ಕಬ್ಬಿಣದ ಕೊಕ್ಕೆಗಳನ್ನು ನೀರಿನಲ್ಲಿ ಒಂದಷ್ಟು ಹೊತ್ತು ಆಡಿಸಿ, ಬೇಸತ್ತು ಬಿಟ್ಟ. ನಾನು ಅದಕ್ಕೂ ಮೊದಲೇ ಬಿಟ್ಟೆ. ಸುಮಿತಾ ಆಗಿನ್ನೂ ಲಂಗ ತೊಡುವ ಹುಡುಗಿ. ಹಗ್ಗ ಕೈಗೆ ತೆಗೆದುಕೊಂಡವಳು ಬಾವಿಯ ಒಂದು ಮೂಲೆಯಿಂದ ಶುರು ಮಾಡಿದಳು. ಆ ಮೂಲೆಯಲ್ಲಿ ಇಲ್ಲ ಎಂದು ಖಾತ್ರಿಯಾಗದೆ ಮುಂದಿನ ಮೂಲೆಗೆ ಹೋಗಲಿಲ್ಲ. ಊಟಕ್ಕೆ ಕರೆದರೆ ಬರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಕೊಡವೂ ಬಂತು, ಅಜ್ಜಿಯ ಕಾಲದಲ್ಲಿ ಬಿದ್ದಿದ್ದ ಒಂದು ಚೊಂಬೂ ಬಂತು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವಳ ಹೆಸರೇ ಪಾತಾಳಗರಡಿ ಎಂದಾಯಿತು.

ಇನ್ನು ಅವಳ ಮಾವ ಮಾಬ್ಲನ ವಿಷಯ. ಕಾರವಾರದ ಬಂದರಿನಲ್ಲಿ ಮೀನು ಲಿಲಾವು, ಅಂದರೆ ಹರಾಜು, ಕೂಗುವುದು ಅವನ ಕಸುಬು. ದೋಣಿ ಬಂದು ಬುಟ್ಟಿ ಇಳಿಸಿದ ಮೇಲೆ ಸುತ್ತ ನೆರೆದ ವ್ಯಾಪಾರಿಗಳ, ಹೆಂಗಸರ, ಕಾಗೆಗಳ ಗಲಾಟೆಯ ಮೇಲೆ ಎದ್ದು ನಿಲ್ಲುವ ದನಿ ಬೇಕು. ಮಾಬ್ಲನಿಗೆ ಅದಿತ್ತು. ಮನೆಯಲ್ಲೂ ಮೆತ್ತಗೆ ಮಾತಾಡಲು ಬರುತ್ತಿರಲಿಲ್ಲ. ನೀರು ಕೇಳಿದರೆ ಮೂರನೇ ಮನೆಯವರು ಚೊಂಬು ಹಿಡಿದು ಬರಬೇಕು, ಹಾಗೆ. “ಏಕ್ ವಾರ್, ದೋನ್ ವಾರ್, ತೀನ್ ವಾರ್” ಎಂದು ಅವನು ಕೂಗಿ ಅಂಗೈ ತಟ್ಟಿದನೆಂದರೆ ಮುಗಿಯಿತು, ಮಾಲು ಕೊಂಡವನದು. ಮೂರನೆಯ ವಾರ್ ಆದ ಮೇಲೆ ದೇವರು ಬಂದು ಕೇಳಿದರೂ ಬುಟ್ಟಿ ತಿರುಗಿ ಬರುವುದಿಲ್ಲ.

ಎರಡು ಸಾವಿರದ ಆರನೇ ಇಸವಿಯಲ್ಲಿ ಆ ಗಂಟಲಿಗೇ ರೋಗ ಬಂತು. ಗೋವೆಯ ದೊಡ್ಡ ಆಸ್ಪತ್ರೆಯ ಡಾಕ್ಟರು ದನಿಪೆಟ್ಟಿಗೆ ತೆಗೆಯಬೇಕು, ಬೇರೆ ದಾರಿ ಇಲ್ಲ ಎಂದರು. ಮಾಬ್ಲ ಎದ್ದು ಮನೆಗೆ ಬಂದುಬಿಟ್ಟ.

“ದನಿ ತೆಗ್ದ್‌ಮೇಲೆ ನಾ ಎಂತಕೆ ಇರೂದು? ಬರೇ ಹೊಟ್ಟೆ ಹೊತ್ಕಂಡು ತಿರಗೂಕಾ?” ಎಂದ. ಗಿರಿಧರ ಬೇಡಿಕೊಂಡ, ಮಾಬ್ಲನ ಹೆಂಡತಿ ನಾಗಿ ಅತ್ತಳು, ನಾನು ಹೋಗಿ ಜೋರು ಮಾಡಿದೆ. ಏನೂ ನಾಟಲಿಲ್ಲ. ಕಡೆಗೆ ಸುಮಿತಾ ಮಾವನ ಮುಂದೆ ಹೋಗಿ ಕುಳಿತಳು.

“ಮಾಂವ, ನಿಮ್ಮ ದನಿ ನಾ ಮನೇಲೇ ಇಟ್ಕಳ್ತೆ. ಕಂಪ್ಯೂಟರ್‌ನಾಗೆ ಹಿಡ್ದಿಡ್ತೆ. ನೀವು ಆಪರೇಶನ್ ಮಾಡಿಸ್ಕಂಡು ಬನ್ನಿ. ಯಾವಾಗ ಬೇಕಂದ್ರೂ ಕೇಳೂಕೆ ಸಿಗ್ತದೆ.”

“ಖರೇ?”

“ನನ್ ಮೇಲೆ ಆಣೆ.”

ಆ ಒಂದು ಮಾತಿಗೆ ಅವನು ಒಪ್ಪಿದ. ಮಗ, ಹೆಂಡತಿ, ಡಾಕ್ಟರು ಯಾರ ಮಾತಿಗೂ ಅಲ್ಲ.

ಕಂಪ್ಯೂಟರ್ ಎಂದರೆ ಗಿರಿಧರ ಕೆಲಸ ಮಾಡುತ್ತಿದ್ದ ಕಚೇರಿಯವರು ಹೊಸದು ತಂದಾಗ ಅವನಿಗೆ ಕೊಟ್ಟ ಹಳೆಯದು. ಒಳ್ಳೆ ಕಂಪನಿಯದೇ. ಜೊತೆಗೆ ಒಂದೆರಡು ಸಿಡಿ ಬಂದಿದ್ದವು. ಸುಮಿತಾ ಅದರಲ್ಲಿ ಬ್ಲೌಸಿನ ಕುತ್ತಿಗೆ ಡಿಸೈನ್ ಬಿಡಿಸಿ ಹೆಂಗಸರಿಗೆ ತೋರಿಸುತ್ತಿದ್ದಳು. ಬಂದ ವಾರವೇ ಅದಕ್ಕೂ ಅಂಗಿ ತಯಾರಾಗಿತ್ತು. ಹೊರಗೆ ದಪ್ಪ ರೆಕ್ಸಿನ್, ಒಳಗೆ ಹತ್ತಿಯ ಅಸ್ತರಿ, ಮುಂದುಗಡೆ ಬಟನ್ನಿಗೂ ಸಿಡಿ ಬಾಗಿಲಿಗೂ ಕಾಜಾ ಹೊಲಿದ ಕಿಂಡಿ. ಹಿಂದೆ ವೈರು ಹೊರಬರುವಷ್ಟು ಸಂದು ಬಿಟ್ಟರೆ ಉಳಿದದ್ದೆಲ್ಲ ಬಿಗಿ. ಉಪ್ಪುಗಾಳಿ ಬಿಡಿ, ಇರುವೆಗೂ ದಾರಿ ಇರಲಿಲ್ಲ. ನೋಡಿದವರೆಲ್ಲ ಹೊಗಳಿದರು. ನಾನೂ ಹೊಗಳಿದೆ.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಮಾಬ್ಲ ಇಸ್ತ್ರಿ ಅಂಗಿ ಹಾಕಿ, ಕೂದಲಿಗೆ ಎಣ್ಣೆ ಹಚ್ಚಿ, ಫೋಟೋಕ್ಕೆ ಕುಳಿತಂತೆ ಮೈಕಿನ ಮುಂದೆ ಕುಳಿತ. ನಾನೂ ಅಲ್ಲಿದ್ದೆ. ಮಕ್ಕಳಿಗೆ ಬುದ್ಧಿಮಾತು ಹೇಳುತ್ತಾನೆ, ದೇವರ ಹೆಸರು ಹೇಳುತ್ತಾನೆ ಎಂದುಕೊಂಡಿದ್ದೆವು. ಅವನು ಒಮ್ಮೆ ಕೆಮ್ಮಿ, ನೋಡಿ ನೋಡಿ ಎಂದು ಕೊಂಕಣಿಯಲ್ಲಿ ಕರೆಯುತ್ತ ಬಂಗುಡೆ ಮೀನಿನ ಲಿಲಾವನ್ನೇ ಶುರು ಮಾಡಿದ.

“ಪಳೆ ಪಳೆ ಪಳೆ! ತಾಜೇ ಬಾಂಗ್ಡೇ! ಕಣ್ಣು ನೋಡ್ರೋ ಇದ್ರದ್ದು, ನಮ್ ನಾಗಿ ಮದಿವಿ ದಿವ್ಸ ಇದ್ದಾಂಗೆ ಹೊಳೀತದೆ!”

“ಥೂ ನಿಮ್ಮ! ಎಲ್ಲರೂ ಕೇಳೂದನ್ನ ಹಾಂಗೆಲ್ಲ ಹೇಳೂದಾ?” ಎಂದು ಅಡುಗೆಮನೆಯಿಂದ ನಾಗಿ ಬೈದದ್ದೂ ಅದರಲ್ಲಿ ಸೇರಿಕೊಂಡಿತು. ರೋಗ ಹಿಡಿದ ದನಿ, ಅಂಚಿನಲ್ಲಿ ಒಡೆಯುತ್ತಿತ್ತು, ಆದರೂ ಗೋಡೆ ನಡುಗುವಂತೆ ಕೂಗಿದ. “ಏಕ್ ವಾರ್!” ಎಂದ. “ದೋನ್ ವಾರ್!” ಎಂದ. ಅಷ್ಟಕ್ಕೇ ನಿಲ್ಲಿಸಿದ.

“ಮೂರನೇದು, ಮಾಂವ?”

“ಮೂರನೇದು ಹೇಳೂದಿಲ್ಲ. ಹೇಳಿದ್ರೆ ಮಾಲು ಕೈಬಿಟ್ಟಾಂಗೆ. ನನ್ ದನಿ ನಾ ಯಾರಿಗೂ ಬಿಟ್ಕೊಡ್ಲಿಲ್ಲ. ಬಂದ್ ಮಾಡು ಅದ್ನ.”

ನನಗೆ ಅಲ್ಲಿ ಕುಳಿತಿರಲಾಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಎದ್ದು ಬಂದೆ.

ಆಪರೇಶನ್ ಆಯಿತು. ರಿಕವರಿ ರೂಮ್ ಎಂದು ಬರೆದಿದ್ದ ಬಾಗಿಲ ಹೊರಗೆ ಸುಮಿತಾ, ಗಿರಿಧರ ಕುಳಿತು ಕಾದರು. ಆ ಬಾಗಿಲು ತೆರೆದು ಮಾಬ್ಲನನ್ನು ಜೀವಸಹಿತ ಹೊರಗೆ ತಂದಾಗ ರಿಕವರಿ ಎಂಬ ಶಬ್ದ ನನ್ನ ತಂಗಿಯ ಮನಸ್ಸಿನಲ್ಲಿ ದೇವರ ಹೆಸರಿನಂತೆ ಕೂತುಬಿಟ್ಟಿತು. ಹೋದದ್ದು ಅಲ್ಲಿಂದ ತಿರುಗಿ ಬರುತ್ತದೆ ಎಂಬುದೇ ಅವಳಿಗೆ ಅದರ ಅರ್ಥ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಗೆ ಬಂದ ಮಾಬ್ಲ ಈಗ ಕುತ್ತಿಗೆಯ ತೂತಿನಿಂದ ಉಸಿರಾಡುತ್ತಿದ್ದ. ಅದರೊಳಗೆ ಧೂಳು ಹೋಗದಂತೆ ಸುಮಿತಾ ತೆಳ್ಳಗಿನ ಮಲ್‌ಮಲ್ ಬಟ್ಟೆಯ ಸಣ್ಣ ಪಟ್ಟಿಗಳನ್ನು ಹೊಲಿದಳು. ಬೇಕಾದ್ದಕ್ಕೆಲ್ಲ ಅವನು ಚಪ್ಪಾಳೆ ತಟ್ಟಿ ಕರೆಯುತ್ತಿದ್ದ. ಸ್ವಲ್ಪ ಚೇತರಿಸಿಕೊಂಡದ್ದೇ ಒಂದು ಮಧ್ಯಾಹ್ನ ಕಂಪ್ಯೂಟರಿನ ಕಡೆ ಬೆರಳು ತೋರಿಸಿದ. ಸುಮಿತಾ ಆಗ ತಾನೇ ಯಾರಿಗೋ ಡಿಸೈನ್ ತೋರಿಸಿ ಮುಗಿಸಿದ್ದಳು. ಖುಷಿಯಿಂದ ದನಿ ಹಚ್ಚಿದಳು.

“ಪಳೆ ಪಳೆ ಪಳೆ! ತಾಜೇ ಬಾಂಗ್...”

ಅಲ್ಲಿಗೆ ಕಟ್. ಪರದೆ ಪೂರ್ತಿ ನೀಲಿಯಾಗಿ ಬಿಳಿ ಇಂಗ್ಲಿಷ್ ಅಕ್ಷರಗಳು ತುಂಬಿಕೊಂಡವು. ತಿರುಗಿ ಚಾಲೂ ಮಾಡಿದಳು. ಈ ಸಲ ದನಿ ಶುರುವಾಗುವ ಮೊದಲೇ ತನ್ನಷ್ಟಕ್ಕೆ ಆರಿತು. ಮಾಬ್ಲ ತನ್ನ ಕುತ್ತಿಗೆಯ ಪಟ್ಟಿ ಮುಟ್ಟಿಕೊಂಡ. ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆಮೇಲೆ ಕರೆದರೂ ಆ ಕೋಣೆಗೆ ಬರಲಿಲ್ಲ. ಅನ್ನವನ್ನೂ ಅರ್ಧಕ್ಕೇ ಬಿಡತೊಡಗಿದ. ಆಣೆ ಹಾಕಿದವಳು ಸುಮಿತಾ. ಆಣೆ ಹಾಕಿಸಿಕೊಂಡವನು ಅನ್ನ ಬಿಡುವುದನ್ನು ದಿನವೂ ನೋಡಬೇಕಾದವಳೂ ಅವಳೇ.

“ಅದು ಪೂರ್ತಿ ನೆಟ್ಟಗಾಗೂ ತನ್ಕ ನಾ ಮಾಂವನ್ನ ಕರಿಯೂದಿಲ್ಲ ಅಣ್ಣಾ. ಅರ್ಧ ಕೇಳಿಸಿ ಇನ್ನೊಮ್ಮೆ ಕುತ್ತಿಗೆ ಕೊಯ್ಯೂದು ಬ್ಯಾಡ,” ಎಂದಳು ನನಗೆ ಫೋನಿನಲ್ಲಿ. ಹೇಳಿದ ರೀತಿಯಲ್ಲೇ ಗೊತ್ತಾಯಿತು, ಪಾತಾಳಗರಡಿ ಬಾವಿಗಿಳಿಯಿತು ಎಂದು.

ಬಿಟ್ಟಿ ಸಲಹೆಗೆ ನಮ್ಮ ಕಡೆ ಬರವಿಲ್ಲ. ಕರೆಂಟಿನ ದೋಷ ಎಂದ ಒಬ್ಬ. ಗಿರಿಧರ ಹಾಕಿದ ಆಟಗಳ ದೋಷ ಎಂದ ಇನ್ನೊಬ್ಬ. ನೆರೆಮನೆಯ ಗಂಗಿಯ ದೃಷ್ಟಿ ತಾಗಿದೆ ಎಂದು ನಾಗಿ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ನನ್ನ ಸಲಹೆ ಎರಡು ಬಾರಿಸು ಎಂಬುದಾಗಿತ್ತು, ನಮ್ಮ ಬಸ್ಸಿನ ಬಾಗಿಲು ಹಾಗೇ ಸರಿಯಾಗುವುದು. ಸುಮಿತಾ ಎಲ್ಲವನ್ನೂ ಕೇಳಿಸಿಕೊಂಡು ತನ್ನ ಹೊಲಿಗೆ ಮೆಷಿನ್ನಿನ ರೀತಿಯನ್ನೇ ಹಿಡಿದಳು. ಮೆಷಿನ್ನು ಹೊಲಿಗೆ ಬಿಟ್ಟು ಬಿಟ್ಟು ಓಡಿದರೆ ಮೊದಲು ಸೂಜಿ ಬದಲಿಸಿ ಹೊಲಿದು ನೋಡಬೇಕು. ಆಗದಿದ್ದರೆ ದಾರ, ಆಮೇಲೆ ಬಾಬಿನ್. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ, ನಾಳೆ ಮತ್ತೆ ಅವನೇ ಬರುತ್ತಾನೆ. ಹಾಗೆಂದು ಆಟಗಳನ್ನು ತೆಗೆದಳು. ನೋಡಿದಳು, ಆರಿತು. ಬೇರೆ ಮನೆಯಿಂದ ಸ್ಟೆಬಿಲೈಸರ್ ತಂದು ಹಾಕಿದಳು. ಆಗಲೂ ಆರಿತು. ಮೌಸ್ ಬದಲಿಸಿದಳು, ಪ್ಲಗ್ಗನ್ನು ಅಡುಗೆಮನೆಯ ಕಡೆಗೆ ಎಳೆದಳು. ಕೆಲವೊಮ್ಮೆ ಹತ್ತಿದ ಕೂಡಲೇ, ಕೆಲವೊಮ್ಮೆ ಗಂಟೆ ಕಳೆದ ಮೇಲೆ, ಮನಸ್ಸು ಬಂದಾಗ ಆರುತ್ತಲೇ ಇತ್ತು. ಇದಕ್ಕೊಂದು ಲೆಕ್ಕಾಚಾರವೇ ಇಲ್ಲ ಎಂದು ಗಿರಿಧರ ಕೈಚೆಲ್ಲಿದ. ಲಿಂಬೆಹಣ್ಣನ್ನೂ ತೆಗೆದು ನೋಡಿದ್ದಳು ಎಂದು ನಾಗಿ ನನ್ನ ಹತ್ತಿರ ದೂರು ಹೇಳಿದಳು.

ಕಳ್ಳ ಸಿಕ್ಕಿದ್ದು ಬಟ್ಟೆ ಒಗೆಯುವ ದಿನ. ಕಂಪ್ಯೂಟರಿನ ಅಂಗಿಗೆ ಒಣಮೀನಿನ ವಾಸನೆ ಹಿಡಿದಿದೆ ಎಂದು ಸುಮಿತಾ ಅದನ್ನು ಬಿಚ್ಚಿ ಒಗೆದು ಹಾಕಿದಳು. ಮೋಡ ಮುಸುಕಿದ್ದರಿಂದ ಅಸ್ತರಿ ಬೇಗ ಒಣಗಲಿಲ್ಲ. ಅಷ್ಟು ದಿನವೂ ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ. ಬೇರೆಯವರಾಗಿದ್ದರೆ ಕೈ ಮುಗಿದು ಸುಮ್ಮನಾಗುತ್ತಿದ್ದರು. ಇವಳು ಅಂಗಿ ಒಣಗಿದ ಮೇಲೆ ಬೇಕೆಂದೇ ತೊಡಿಸಿ ನೋಡಿದಳು. ಆರಿತು. ಬಿಚ್ಚಿದಳು, ಹಿಂದುಗಡೆ ಕೈಯಿಟ್ಟಳು. ಗಂಜಿ ತಪ್ಪಲೆಯಂತೆ ಸುಡುತ್ತಿತ್ತು. ಅಲ್ಲೊಂದು ಫ್ಯಾನಿದೆ, ಒಳಗಿನ ಬಿಸಿಯನ್ನು ಹೊರಗೆ ತಳ್ಳುವುದಕ್ಕೆ ಅದೊಂದೇ ದಾರಿ ಎಂಬುದು ಅವಳಿಗೆ ಗೊತ್ತಾದದ್ದು ಆಗ.

“ನಾನೇ ಉಸ್ರು ಕಟ್ಟಿಸಿದ್ನಲ್ಲಾ ಅಣ್ಣಾ,” ಎಂದು ಫೋನಿನಲ್ಲಿ ಅತ್ತಳು. “ಮಾಂವನ ಕುತ್ಗಿಗೆ ಗಾಳಿ ಆಡ್ಲಿ ಅಂದ್ಕಂಡು ಮಲ್‌ಮಲ್ ಹುಡ್ಕಿ ತಂದವ್ಳು, ಇದ್ಕೆ ರೆಕ್ಸಿನ್ ಹೊಲ್ದೆ.”

ಅತ್ತದ್ದು ಎಷ್ಟು ಹೊತ್ತೋ ಅಷ್ಟೇ. ಬೀಸಾಡದೆ ಅಂಗಿಯ ಬೆನ್ನು ಕತ್ತರಿಸಿ ಅಲ್ಲಿಗೆ ಸೊಳ್ಳೆಪರದೆಯ ಬಲೆ ಹಚ್ಚಿ ಹೊಲಿದಳು. ಉಪ್ಪುಗಾಳಿಗೆ ಬರಿಮೈಯಲ್ಲಿ ಬಿಟ್ಟರೂ ಆಗದಲ್ಲ. ವಾರವಿಡೀ ಓಡಿಸಿ ನೋಡಿದಳು, ನೀಲಿ ಬರಲಿಲ್ಲ. ಭಾನುವಾರ ಗಿರಿಧರ ಮನೆಯಲ್ಲಿರುತ್ತಾನೆ, ದನಿಯನ್ನು ತುಂಬಿಡಲು ಗೋವೆಯಿಂದ ಪೆನ್ ಡ್ರೈವ್ ತರುತ್ತೇನೆ ಎಂದೂ ಹೇಳಿದ್ದಾನೆ, ಅವತ್ತೇ ಮಾವನನ್ನು ಕರೆಯುವುದೆಂದು ನಿಶ್ಚಯಿಸಿದಳು. ಮಾಬ್ಲ ಮೊದಲು ತಲೆಯಲ್ಲಾಡಿಸಿದ. ಸೊಸೆ ಮತ್ತೆ ಮತ್ತೆ ಕೇಳಿದ ಮೇಲೆ ಮಿಂದು, ಅದೇ ಇಸ್ತ್ರಿ ಅಂಗಿ ಹಾಕಿ ಬಂದು ಕುಳಿತ. ಸುಮಿತಾ ಬಟನ್ ಒತ್ತಿದಳು.

ನೀಲಿ ಬರಲಿಲ್ಲ. ಕಪ್ಪು ಬಂತು. ಯಾವುದೋ ಫೈಲ್ ಕಾಣೆಯಾಗಿದೆ, ಚಾಲೂ ಆಗಲು ಸಾಧ್ಯವಿಲ್ಲ ಎಂಬ ಒಂದೇ ಸಾಲು. ಎಷ್ಟು ಸಲ ಆರಿಸಿ ಹೊತ್ತಿಸಿದರೂ ಅದೇ. ಅಷ್ಟು ಸಲ ನಡುವೆಯೇ ಆರಿ ಆರಿ ಒಳಗೆ ಪೆಟ್ಟಾಗಿತ್ತು. ಪೆನ್ ಡ್ರೈವ್ ಗಿರಿಧರನ ಜೇಬಿನಲ್ಲೇ ಉಳಿಯಿತು. ಮಾಬ್ಲ ಸೊಸೆಯ ತಲೆಯ ಮೇಲೊಮ್ಮೆ ಕೈಯಿಟ್ಟು ಹೊರಗೆ ಹೋದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಸುಮಿತಾ ಈಗಲೂ ಹೇಳುತ್ತಾಳೆ.

ಮರುದಿನ ಕಾರವಾರದ ಒಂದು ಅಂಗಡಿಗೆ ಒಯ್ದರು. ಅಂಗಡಿಯವ ನೋಡಿ, “ಫಾರ್ಮ್ಯಾಟ್ ಹೊಡಿಬೇಕು, ನಾಳೆ ಕೊಡ್ತೇನೆ,” ಎಂದ.

“ಒಳಗಿದ್ದದ್ದು ಉಳಿತದಾ?”

“ಇಲ್ಲ. ಎಲ್ಲ ಹೋಗ್ತದೆ. ಹೊಸದಾಗಿ ಬರ್ತದೆ.”

“ನಂಗೆ ಹೊಸದು ಬ್ಯಾಡ,” ಎಂದು ಅವಳು ಪೆಟ್ಟಿಗೆ ಎತ್ತಿಕೊಂಡು ಬಂದಳು.

ಮನೆಗೆ ಬಂದು ಕಂಪ್ಯೂಟರಿನ ಜೊತೆ ಬಂದ ಚೀಲ ತೆಗೆದು ನೋಡಿದಳು. ಖಾಲಿ ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ‘ರಿಕವರಿ ಸಿಡಿ’ ಎಂದು ಬರೆದಿತ್ತು. ಆ ಶಬ್ದ ಕಂಡು ಅವಳಿಗೆ ಜೀವ ಬಂದಂತಾಯಿತು. ಹೋದದ್ದು ತಿರುಗಿ ಬರುವ ಬಾಗಿಲು ಮನೆಯಲ್ಲೇ ಇತ್ತಲ್ಲ! ಆದರೆ ಲಕೋಟೆಯೊಳಗೆ ಸಿಡಿ ಇಲ್ಲ. ಕಪಾಟು, ಟ್ರಂಕು, ಹೊಲಿಗೆ ಡಬ್ಬಿ ಎಲ್ಲ ಹುಡುಕಿದಳು. ಹುಡುಕುತ್ತ ಹಿತ್ತಿಲಿಗೆ ಬಂದರೆ ಒಣಗಲು ಹರಡಿದ ಮೀನಿನ ಮೇಲೆ, ಬಿದಿರು ಗಳುವಿಗೆ ಬಲೆಯ ದಾರದಿಂದ ಕಟ್ಟಿದ ಸಿಡಿಗಳು ಗಾಳಿಗೆ ತಿರುಗುತ್ತ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಆ ಹೊಳಪಿಗೆ ಕಾಗೆಗಳು ಹತ್ತಿರ ಸುಳಿಯುವುದಿಲ್ಲ. ಅದರಲ್ಲಿ ಒಂದು ರಿಕವರಿ.

“ಅತ್ತೇ! ಇದ್ನ ಯಾರು ಕಟ್ಟಿದ್ದು?”

“ನಾನೇ,” ಎಂದಳು ನಾಗಿ. “ಅದ್ರಾಗೆ ಹಾಡಿಲ್ಲ ಅಂದ್ಕಂಡು ನೀನೇ ಹೇಳಿದ್ದೆ ಅಲ್ಲೇನೆ? ಎಲ್ಲದ್ಕಿಂತ ಚೊಲೋ ಹೊಳೀತದೆ ಅದೇಯ. ಅದ್ನ ಕಟ್ಟಿದ್‌ಮೇಲೆ ಒಂದ್ ಮೀನೂ ಕಾಗಿ ಬಾಯಿಗೆ ಹೋಗ್ಲಿಲ್ಲ.”

ಬಿಸಿಲು, ಮರಳು, ಉಪ್ಪು ಎಲ್ಲ ಸೇರಿ ಸಿಡಿಯ ಮೈಮೇಲೆ ಗೀರುಗಳ ಕಾಡೇ ಬೆಳೆದಿತ್ತು. ಸುಮಿತಾ ಸಾಬೂನಿನಿಂದ ತೊಳೆದಳು, ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದಳು, ಮಾವನ ಪಟ್ಟಿಯ ಮಲ್‌ಮಲ್ ಬಟ್ಟೆಯಿಂದಲೇ ಒರೆಸಿದಳು. ಒಳಗೆ ಹಾಕಿದರೆ ಕಂಪ್ಯೂಟರ್ ಗರಗರ ಎಂದು ತಿರುಗಿಸಿ, ಓದಲಾಗುವುದಿಲ್ಲ ಎಂದು ಹೊರಗೆ ತಳ್ಳುತ್ತಿತ್ತು. ಮತ್ತೆ ತೊಳೆದಳು, ಮತ್ತೆ ಹಾಕಿದಳು. ದಿನಾ ಮನೆಗೆಲಸ ಮುಗಿಸಿ ಅದೇ ಉದ್ಯೋಗ. “ನಿಮ್ ಕಾಗಿಗಳು ಹಾಳಾಗ್ಲಿ!” ಎಂದು ಅತ್ತೆಯ ಮೇಲೆ ಮೊದಲ ಬಾರಿಗೆ ದನಿ ಏರಿಸಿದಳು. ನಾಗಿಯೂ ಸುಮ್ಮನಿರಲಿಲ್ಲ, ಎರಡು ದಿನ ಸೊಸೆಯ ಕೈಯ ಚಹಾ ಕುಡಿಯಲಿಲ್ಲ. ಇವರ ಜಗಳ ಕೇಳುತ್ತ ಮಾಬ್ಲ ಅಂಗಳದಲ್ಲಿ ಸಮುದ್ರ ನೋಡುತ್ತ ಕೂತಿರುತ್ತಿದ್ದ.

ನಾನು ಆ ವಾರ ಹೋದಾಗ ಹೇಳಿದೆ: “ಸಾಕು ಮಾರಾಯ್ತಿ, ಬಿಟ್ಬಿಡು. ನಿನ್ ಕೈಯಲ್ಲಿ ಆಗೂದೆಲ್ಲ ಮಾಡ್ದೆ.”

“ಕೊಡ ಮೇಲೆ ಬಂದದ್ಯಾ?” ಎಂದಳು.

ಅಂಕೋಲೆಯ ಬಸ್ ಸ್ಟ್ಯಾಂಡಿನ ಹಿಂದೆ ಶ್ರೀಕಾಂತ ಎಂಬವನ ಕಂಪ್ಯೂಟರ್ ಅಂಗಡಿ ಇತ್ತು. ಶಿರಸಿ ಕಡೆಯ ಹುಡುಗ, ನನ್ನ ಬಸ್ಸಿನಲ್ಲಿ ಓಡಾಡುವವ. ಅದೇ ಕಂಪನಿಯ ಗೀರಿಲ್ಲದ ರಿಕವರಿ ಸಿಡಿ ಅವನ ಹತ್ತಿರ ಇದೆಯಂತೆ ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಅವಳು ಪೆಟ್ಟಿಗೆ ಕಟ್ಟುತ್ತಿದ್ದಳು.

ಮರುದಿನ ಕಾರವಾರ ಬಸ್ ಸ್ಟ್ಯಾಂಡಿನಲ್ಲಿ ನನ್ನ ಬಸ್ಸು ಹತ್ತಿದಳು. ಬೆನ್ನಿಗೆ ಬಲೆಯ ಅಂಗಿ ತೊಟ್ಟ ಕಂಪ್ಯೂಟರನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಕೆಳಗಿಡು ಎಂದರೆ ಇಡಲಿಲ್ಲ. ಹಾರವಾಡದ ತಿರುವುಗಳಲ್ಲಿ ಬಸ್ಸು ವಾಲಿದಾಗೆಲ್ಲ ಅದನ್ನು ಅವುಚಿಕೊಂಡಳು. ಹಟ್ಟಿಕೇರಿಯಲ್ಲಿ ಬಸ್ಸು ನಿಂತಾಗ ತವರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪಕ್ಕದ ಹೆಂಗಸು, “ಎಂತ ತಂಗೀ ಇದು?” ಎಂದು ಕೇಳಿದ್ದಕ್ಕೆ “ನಮ್ ಮಾಂವ,” ಎಂದಳು. ಆ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಅಂಕೋಲೆಯಲ್ಲಿ ಬಸ್ಸಿಗೆ ಸ್ವಲ್ಪ ವಿರಾಮ ಇತ್ತು. ನಾನೂ ಜೊತೆಗೆ ಹೋದೆ. ಶ್ರೀಕಾಂತ ಸಿಡಿ ಹುಡುಕಿ ತೆಗೆದು ಒಳಗೆ ಹಾಕಿದ. ಹೊಚ್ಚ ಹೊಸದು. ಕಂಪ್ಯೂಟರ್ ಅದನ್ನು ಸದ್ದಿಲ್ಲದೆ ಓದಿತು. ಪರದೆಯ ಮೇಲೆ ಕೊನೆಯದಾಗಿ ಒಂದು ಪ್ರಶ್ನೆ ಬಂತು. ಸುಮಿತಾಳ ಕಣ್ಣಲ್ಲಿ ಆಗಲೇ ನೀರು. ಶ್ರೀಕಾಂತ ಬೆರಳನ್ನು ಕೀಲಿಯ ಮೇಲಿಟ್ಟವನು ವಾಡಿಕೆಯಂತೆ ಕೇಳಿದ:

“ಅಕ್ಕಾ, ಇದರೊಳಗೆ ಬೇಕಾದ್ದು ಎಂತದೂ ಇಲ್ಲ ಅಲ್ವಾ?”

“ಬೇಕಾದ್ದು ಒಳಗೇ ಇರೂದು. ಅದ್ನ ತಿರುಗಿ ಬರ್ಸೂಕೇ ಅಲ್ಲಾ ಈ ರಿಕವರಿ?”

ಶ್ರೀಕಾಂತ ಬಿಸಿ ತಾಗಿದವನಂತೆ ಕೈ ಎಳೆದುಕೊಂಡ.

“ಯಾರು ಹೇಳಿದ್ದು ನಿಮಗೆ? ಇದು ಕಂಪ್ಯೂಟರನ್ನು ಅಂಗಡಿಯಿಂದ ತಂದ ದಿನದ ಹಾಗೆ ಮಾಡ್ತದೆ. ಆಮೇಲೆ ನೀವು ಹಾಕಿದ್ದು ಏನೂ ಉಳಿಯೂದಿಲ್ಲ. ಮೊದಲು ಎಲ್ಲ ಅಳಿಸಿಯೇ ಶುರು ಮಾಡೂದು ಇದು. ನೀವು ಮನೇಲಿ ಪ್ರಯತ್ನ ಮಾಡಿದ್ದಿರಾ?”

ಸುಮಿತಾ ಕಂಪ್ಯೂಟರನ್ನು ತನ್ನ ಕಡೆ ಎಳೆದುಕೊಂಡಳು. ಎಷ್ಟು ಸಲ! ತೊಳೆದು, ತಿಕ್ಕಿ, ದೇವರಿಗೆ ಕೈ ಮುಗಿದು, ಎಷ್ಟು ಸಲ ಅದನ್ನು ಒಳಗೆ ತಳ್ಳಿದ್ದಳು! ತನ್ನ ಕೈಯಾರೆ ಮಾವನ ದನಿಯನ್ನು ಅಳಿಸಲು ಹಗಲೆಲ್ಲ ಹೆಣಗಿದ್ದಳು. ಓದಲಾಗುವುದಿಲ್ಲ ಎಂದು ಅದು ಹೊರಗೆ ತಳ್ಳಿದ್ದಕ್ಕೆ ದನಿ ಉಳಿದಿತ್ತು. ಅದು ಓದಲಾಗದಂತೆ ಮಾಡಿದವಳು ನಾಗಿ, ಒಣಮೀನು ಮತ್ತು ಮಾಜಾಳಿಯ ಕಾಗೆಗಳು.

“ಅತ್ತೆಗೆ ಬೈದ್ನಲ್ಲಾ ಅಣ್ಣಾ,” ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ.

ಆಮೇಲಿನದನ್ನು ಶ್ರೀಕಾಂತ ಅಚ್ಚುಕಟ್ಟಾಗಿ ಮಾಡಿದ. ಒಳಗಿನ ಹಾರ್ಡ್ ಡಿಸ್ಕನ್ನು ಬಿಚ್ಚಿ ತನ್ನ ಕಂಪ್ಯೂಟರಿಗೆ ಜೋಡಿಸಿದ. ಮೊದಲು ಅದು ಕಾಣಿಸಲೇ ಇಲ್ಲ. ವೈರು ಜೋಡಿಸುವ ತುದಿಯಲ್ಲಿ ತುಕ್ಕಿನ ಪುಡಿ ಇತ್ತು, ಬ್ರಶ್ಶಿನಿಂದ ಉಜ್ಜಿದ. ಕಾಣಿಸಿತು. ಆದರೆ ತೆರೆಯಲು ಹೋದರೆ ತಡೆಯುತ್ತಿತ್ತು. ಪೆಟ್ಟಾದ ಜಾಗಗಳನ್ನು ತಾನೇ ಹುಡುಕಿ ಸರಿಮಾಡುವ ಒಂದು ಪರೀಕ್ಷೆಗೆ ಹಚ್ಚಿದ. ಅದು ಆಮೆಯಂತೆ ಹರಿಯಿತು. ಹೊರಗೆ ನನ್ನ ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಕಂಡಕ್ಟರಿಗೆ ಹೊಟ್ಟೆ ಕೆಟ್ಟಿದೆ ಎಂದು ಹೇಳಿಕಳಿಸಿದೆ. ಸುಮಿತಾ ಮಾತ್ರ ಬಾವಿಕಟ್ಟೆಯ ಮೇಲೆ ನಿಂತವಳಂತೆ ಪರದೆಯಿಂದ ಕಣ್ಣು ಕೀಳಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಶ್ರೀಕಾಂತ ಕೇಳಿದ: “ಯಾವ ಹೆಸರಲ್ಲಿ ಇಟ್ಟಿದ್ದೀರಿ?”

“ಮಾಂವ.”

ಹುಡುಕಿದ. ಆ ಹೆಸರು ಬಂತು. ಒತ್ತಿದ.

“ಪಳೆ ಪಳೆ ಪಳೆ! ತಾಜೇ ಬಾಂಗ್ಡೇ! ಕಣ್ಣು ನೋಡ್ರೋ...”

ಅಂಗಡಿಯ ಸ್ಪೀಕರುಗಳು ದೊಡ್ಡವು. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು, ಮೀನು ಬುಟ್ಟಿ ಹೊತ್ತ ಒಬ್ಬಳು ನಿಂತೇಬಿಟ್ಟಳು. ನನ್ನ ಕಣ್ಣು ತುಂಬಿ ಬಂತು. ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಸುಮಿತಾ ಥಟ್ಟನೆ ಕೈ ಅಡ್ಡ ಹಿಡಿದಳು.

“ಬಂದ್ ಮಾಡಿ. ಉಳಿದದ್ದು ಮೊದ್ಲು ಅವ್ರು ಕೇಳ್ಲಿ.”

ದನಿಯನ್ನು ಗಿರಿಧರ ತಂದಿದ್ದ ಪೆನ್ ಡ್ರೈವಿಗೆ ತುಂಬಿಸಿದಳು, ಸಿಡಿಗೆ ಹಾಕಿಸಿದಳು, ಶ್ರೀಕಾಂತನ ಕಂಪ್ಯೂಟರಿನಲ್ಲಿ ಒಂದು ಉಳಿಸಿಕೊಳ್ಳಿ ಎಂದಳು, ನನ್ನ ಕೈಗೂ ಒಂದು ಸಿಡಿ ಕೊಟ್ಟು, “ಇದ್ನ ಬಿಸ್ಲಿಗೆ ಕಟ್ಬೇಡ,” ಎಂದಳು. ಅದೆಲ್ಲ ಆದ ಮೇಲೆಯೇ ಕಂಪ್ಯೂಟರಿಗೆ ಹೊಸ ಸಿಡಿಯಿಂದ ರಿಕವರಿ ಮಾಡಲು ಬಿಟ್ಟಳು.

ಅದು ಮುಗಿಯುವಷ್ಟರಲ್ಲಿ ಕತ್ತಲಾಗಿ, ಆ ರಾತ್ರಿ ಅವಳು ಹಟ್ಟಿಕೇರಿಯ ತವರಿನಲ್ಲೇ ಉಳಿದಳು. ಮರುದಿನ ನನ್ನ ರಜೆ. ಅವಳ ಜೊತೆ ನಾನೂ ಮಾಜಾಳಿಗೆ ಹೋದೆ. ಸುಮಿತಾ ಮನೆಯೊಳಗೆ ಕಾಲಿಟ್ಟವಳೇ ಮೊದಲು ಅತ್ತೆಗೆ ಚಹಾ ಮಾಡಿಕೊಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. ನಾಗಿ ಪೂರ್ತಿ ಕೇಳಿಸಿಕೊಂಡು, “ಹಾಂಗಾದ್ರೆ ಆ ಸಿಡಿ ನಂಗೆ ವಾಪಸ್ ಕೊಡು. ಕಾಗಿ ಭಾಳ ಆಗವೆ,” ಎಂದಳು. ಸುಮಿತಾ ಕೊಡಲಿಲ್ಲ. ಗೀರು ಬಿದ್ದ ಆ ಸಿಡಿ ಇವತ್ತಿಗೂ ಅವರ ದೇವರ ಗೂಡಿನ ಪಕ್ಕದ ಮೊಳೆಗೆ ತೂಗುತ್ತಿದೆ. ಅದಕ್ಕೆ ಅಂಗಿ ಹೊಲಿದಿಲ್ಲ.

ಮಾಬ್ಲನನ್ನು ಕರೆದರೆ ಬರಲಿಲ್ಲ. ಎರಡು ಸಲ ಮೋಸಹೋದವನು, ಮೂರನೆಯದಕ್ಕೆ ಅವನಿಗೆ ಎದೆಯಿರಲಿಲ್ಲ. ಅಂಗಳದ ಕಲ್ಲಿನ ಮೇಲೆ ಕುಳಿತವನು ತಲೆಯಲ್ಲಾಡಿಸಿದ. ಸುಮಿತಾ ಒತ್ತಾಯ ಮಾಡಲಿಲ್ಲ. ಸ್ಪೀಕರನ್ನು ಎಳೆದು ತಂದು ಕಿಟಕಿಯ ಮೇಲೆ ಅಂಗಳದ ಕಡೆ ಮುಖ ಮಾಡಿ ಇಟ್ಟಳು. ಒಳಗೆ ಹೋಗಿ ಒತ್ತಿದಳು.

ಬಾಂಗ್ಡೆ ಬಂತು. ನಾಗಿಯ ಕಣ್ಣು ಬಂತು. “ಥೂ ನಿಮ್ಮ!” ಎಂಬ ಬೈಗುಳ ಬಂತು. ಬಾಗಿಲಲ್ಲಿ ನಿಂತಿದ್ದ ನಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೇಲಿಯಾಚೆ ಗಂಗಿ ಬಂದು ನಿಂತಳು, ಬಲೆ ಹೆಣೆಯುತ್ತಿದ್ದ ಗಂಡಸರು ಎದ್ದು ನಿಂತರು. ಮಾಬ್ಲನ ಬೆನ್ನು ನೆಟ್ಟಗಾಯಿತು. ಬಂದರಿನಲ್ಲಿ ನಿಲ್ಲುತ್ತಿದ್ದ ಹಾಗೆ ಕಾಲು ಅಗಲಿಸಿ ಎದ್ದು ನಿಂತ. ದನಿ ಕೂಗಿದಂತೆ ಅವನ ತುಟಿಗಳೂ ಆಡಿದವು, ಕುತ್ತಿಗೆಯ ಮಲ್‌ಮಲ್ ಪಟ್ಟಿ ಉಸಿರಿಗೆ ಏರಿಳಿಯಿತು.

“ಏಕ್ ವಾರ್!” ಮಾಬ್ಲ ಒಂದು ಬೆರಳೆತ್ತಿದ.

“ದೋನ್ ವಾರ್!” ಎರಡನೆಯ ಬೆರಳು ಎದ್ದಿತು.

ಅಲ್ಲಿಗೆ ದನಿ ನಿಂತಿತು. ನನ್ನ ತಂಗಿ ಹೊರಗೆ ಬಂದು ಮಾವನ ಮುಂದೆ ನಿಂತಳು. ಮಾಬ್ಲ ಎತ್ತಿದ ಎರಡು ಬೆರಳನ್ನು ಇಳಿಸದೆ ಅವಳಿಗೆ ತೋರಿಸಿ, ಮೂರನೆಯದನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಮಡಚಿ ಹಿಡಿದು, ಇಲ್ಲ ಎಂದು ತಲೆಯಲ್ಲಾಡಿಸಿ ನಕ್ಕ. ಆಮೇಲೆ ಚಪ್ಪಾಳೆ ತಟ್ಟಿ ಕಿಟಕಿಯ ಕಡೆ ಕೈ ಮಾಡಿದ, ಇನ್ನೊಮ್ಮೆ ಹಚ್ಚು ಎಂದು.